ಮರೆಮಾಚುವ ದಯೆ

ಹುಂಚದ ಅಡಿಕೆ ತೋಟದಲ್ಲಿ ದುಡಿಯುವವನಿಗೆ ಬೆನ್ನು ನೊಂದರೆ ಅದನ್ನು ದುಡಿಮೆಯ ನೋವೆಂದು ಬಗೆಯುವುದು ಸಹಜ; ಬಹುಪಾಲು ಅದು ದಿಟವೂ ಹೌದು. ಆದರೆ ಇರುಳು ಮಲಗಿದಾಗಲೂ ಬಿಡದ ನೋವು, ಕಾಲುಗಳ ಜೋಮು, ನಡಿಗೆಯ ತೊಡರು, ಮೂತ್ರದ ಹತೋಟಿ ತಪ್ಪುವುದು ಇವು ಬೆನ್ನುಹುರಿಯ ಗಡ್ಡೆಯ ಲಕ್ಷಣಗಳೂ ಆಗಿರಬಹುದು. ತಡವಾದಷ್ಟೂ ಕಳೆದ ಬಲ ಮರಳುವುದು ದುರ್ಲಭ.

ಇಂಥವನನ್ನು ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸಿನಂತಹ ಆಸ್ಪತ್ರೆಗೆ ಕರೆದೊಯ್ದ ಮಗನು ಮೊದಲು ಬೇಡುವುದೇನು? “ಅಪ್ಪಯ್ಯನಿಗೆ ಮಾತ್ರ ತಿಳಿಸಬೇಡಿ, ಡಾಕ್ಟರೇ.” ಇದು ದಯೆಯಿಂದಲೇ ಹುಟ್ಟಿದ ಮಾತು. ಆದರೆ ಅವನು ಮರೆಮಾಚುತ್ತಿರುವುದು ಅವನಿಗೇ ಇನ್ನೂ ತಿಳಿಯದು! ಎಂ.ಆರ್.ಐ. ಚಿತ್ರವು ಗಡ್ಡೆಯನ್ನು ತೋರಿಸುತ್ತದೆ. ಅದರ ಬಗೆಯನ್ನು ಖಚಿತಪಡಿಸಲು ಸಾಮಾನ್ಯವಾಗಿ ತುಣುಕೊಂದನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಂತೂ ಅನೇಕ ಗಡ್ಡೆಗಳ ಹೆಸರು ಜೀನುಗಳ ಪರೀಕ್ಷೆಯನ್ನೂ ಅವಲಂಬಿಸಿದೆ. ವಯಸ್ಕರ ಬೆನ್ನುಹುರಿಯಲ್ಲಿ ಅಪರೂಪವಾಗಿ ಬೆಳೆಯುವ ಎಪೆಂಡೈಮೋಮಾವನ್ನು ಪೂರ್ಣವಾಗಿ ತೆಗೆಯಲಾದರೆ ಅನೇಕರು ಬಹುಕಾಲ ಬಾಳುತ್ತಾರೆ. ಮಿದುಳಿನ ಗ್ಲಿಯೋಬ್ಲಾಸ್ಟೋಮಾ ಹಾಗಲ್ಲ. ಶಸ್ತ್ರಕ್ರಿಯೆ, ವಿಕಿರಣ, ಔಷಧಗಳ ನಂತರವೂ ಬಹುಮಟ್ಟಿಗೆ ಮರಳಿ ಬರುತ್ತದೆ. ಮನೆಯವರೆಲ್ಲ ಮೌನವಾದಾಗ ರೋಗಿ ಊಹಿಸಿಕೊಳ್ಳುವುದು ಮಾತ್ರ ಎರಡನೆಯದನ್ನೇ.

ಹುರಿಯ ಶಸ್ತ್ರಕ್ರಿಯೆಯಿಂದ ಕಾಲಿನ ಬಲ ಕುಂದುವ ಸಂಭವವೂ ಉಂಟು. ಆ ಅಪಾಯವನ್ನು ಎಷ್ಟು ಹೊರಬೇಕೆಂಬ ತೀರ್ಮಾನ ಆ ಕಾಲುಗಳಿಂದ ನಡೆಯುವವನದು, ಮಗನದಲ್ಲ, ಅಳಿಯನದಲ್ಲ. “ನನಗೇನೂ ಹೇಳಬೇಡಿ, ಮಗನ ಹತ್ತಿರ ಮಾತಾಡಿ” ಎಂದು ಹಿರಿಯರೇ ನುಡಿದರೆ ಅದೂ ಅವರ ತೀರ್ಮಾನವೇ, ಅದನ್ನು ಗೌರವಿಸಬೇಕು. ಆದರೆ ಒಪ್ಪಿಗೆಪತ್ರಕ್ಕೆ ಸಹಿ ಬೀಳುವ ಮುನ್ನ ಅವರನ್ನು ಯಾರಾದರೂ ಕೇಳಿದ್ದಾರೆಯೇ?