ದುರ್ಯೋಧನನ ಪಾತ್ರಕ್ಕೆ ಎಷ್ಟು?

ನಮ್ಮ ಕೋಲಾರದ ಕಡೆ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವಾಗ ಎಲ್ಲಕ್ಕಿಂತ ಹೆಚ್ಚು ದುಡ್ಡು ದುರ್ಯೋಧನನ ಪಾತ್ರಕ್ಕೆ. ಕೃಷ್ಣನದು ಅವನ ಸಮಸಮ. ಆಮೇಲೆ ಕರ್ಣ, ಭೀಮ, ಅರ್ಜುನ. ವಿದುರನನ್ನು, ಸಾತ್ಯಕಿಯನ್ನು ಕೇಳುವವರು ಕಡಿಮೆ. ಇದನ್ನು ಆಫೀಸಿನಲ್ಲಿ ಊಟದ ಹೊತ್ತಿಗೆ ಹೇಳಿದಾಗ ಲಖನೌ ಕಡೆಯ ಹುಡುಗನೊಬ್ಬ, “ಹಳ್ಳಿಯಲ್ಲಿ ಅಷ್ಟೊಂದು ಸಂಭಾವನೆ ಕೊಡ್ತಾರಾ?” ಎಂದು ಕಣ್ಣರಳಿಸಿದ. ಸಂಭಾವನೆ ಎಲ್ಲಿಂದ ಬರಬೇಕು? ಪಾತ್ರ ಮಾಡುವವನೇ ಕೈಯಿಂದ ಕೊಡಬೇಕು. ಸೀನರಿ, ಲೈಟು, ಮೈಕು, ವೇಷಭೂಷಣ, ಹಾರ್ಮೋನಿಯಂ ಮೇಷ್ಟ್ರು, ತಬಲಾ ಎಲ್ಲದರ ಖರ್ಚೂ ಏಳುವುದು ಹಾಗೆ. “ಹಾಗಾದ್ರೆ ಅವನಿಗೇನು ಲಾಭ?” ಎಂದ. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆವತ್ತಿನಿಂದ ಮಾಲೂರಿನಿಂದ ವೈಟ್‌ಫೀಲ್ಡ್‌ವರೆಗಿನ ರೈಲಿನಲ್ಲಿ ಇದೇ ನನ್ನ ಕಾಲಕ್ಷೇಪ.

ನಾನು ಸಾಫ್ಟ್‌ವೇರ್‌ನವನು. ನಮ್ಮಲ್ಲಿ ಪ್ರತಿ ಕೆಲಸಕ್ಕೂ ಒಂದು ಟಿಕೆಟ್, ಪ್ರತಿ ಟಿಕೆಟ್ಟಿಗೂ ಇಷ್ಟು ಗಂಟೆ ಎಂಬ ಅಂದಾಜು, ಬೆಳಿಗ್ಗೆ ನಿಂತುಕೊಂಡು ಒಪ್ಪಿಸಬೇಕಾದ ನಿನ್ನೆಯ ವರದಿ. ಇದರಿಂದ ತಪ್ಪಿಸಿಕೊಳ್ಳಲೆಂದೇ ಎಲ್ಲರೂ ಹವ್ಯಾಸ ಇಟ್ಟುಕೊಳ್ಳುತ್ತಾರೆ. ಆದರೆ ಓಡುವವನ ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಸ್ಪ್ಯಾನಿಷ್ ಕಲಿಯುವವಳಿಗೆ ಒಂದು ದಿನ ತಪ್ಪಿದರೆ ಮುಖ ಸಪ್ಪೆ ಮಾಡಿಕೊಂಡು ಸಂದೇಶ ಕಳಿಸುವ ಆ್ಯಪ್. ಪುಸ್ತಕ ಓದುವವನಿಗೂ ವರ್ಷಕ್ಕೆ ಇಷ್ಟು ಎಂಬ ಗುರಿ. ಶನಿವಾರ ರಾತ್ರಿ ಬೆಂಗಳೂರಿನಿಂದ ಬಸ್ಸು ಮಾಡಿಕೊಂಡು ಬಂದು, ತಲೆಗೆ ಟಾರ್ಚು ಕಟ್ಟಿಕೊಂಡು ಅಂತರಗಂಗೆಯ ಗುಹೆಗಳಲ್ಲಿ ತೆವಳಿ, ಸೂರ್ಯೋದಯದ ಫೋಟೊ ಹಿಡಿದು, ತಿಂಡಿಯ ಹೊತ್ತಿಗೆ ವಾಪಸ್ ಹೊರಡುವವರು ನಮ್ಮ ಆಫೀಸಿನಲ್ಲೇ ಬೇಕಾದಷ್ಟಿದ್ದಾರೆ. ಅದೇ ಬೆಟ್ಟದಲ್ಲಿ ಬಸವನ ಬಾಯಿಂದ ಬೀಳುವ ನೀರನ್ನು ಬೊಗಸೆಯಲ್ಲಿ ಹಿಡಿದು, ಕಾಶಿ ವಿಶ್ವೇಶ್ವರನಿಗೆ ಕೈಮುಗಿದು, ಮೆಟ್ಟಿಲ ಮೇಲೆ ಸುಮ್ಮನೆ ಕೂತು ಬರುವ ನಮ್ಮಂಥವರ ಲೆಕ್ಕದಲ್ಲಿ ಅದು ಪೂರಾ ಡ್ಯೂಟಿ. ಕೆಲಸದ ಅಳತೆಗೋಲು ಆಟದೊಳಕ್ಕೂ ಬಂದು ಕೂತಮೇಲೆ ತಪ್ಪಿಸಿಕೊಂಡು ಹೋಗುವುದೆಲ್ಲಿಗೆ?

ಇನ್ನು ನಾಟಕದ ತಾಲೀಮು ನೋಡಿ. ರಾತ್ರಿ ಊಟವಾದ ಮೇಲೆ ಶಾಲೆಯ ಜಗಲಿಯಲ್ಲಿ ಶುರು. ನಮ್ಮೂರ ಕರ್ಣ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುವವನು. ಹದಿನೈದು ಕೆಜಿಯ ಬಾಕ್ಸುಗಳ ಸಾಲಿನ ನಡುವೆ ಬೆಳಿಗ್ಗೆಯಿಂದ ಕೂಗಿ ಕೂಗಿ ಗಂಟಲು ಒಡೆದ ಬಿದಿರು. ಮೇಷ್ಟ್ರು ಹಾರ್ಮೋನಿಯಂ ಮೇಲೆ ಒಂದೊಂದೇ ಮನೆ ಇಳಿಯುತ್ತಾ ಹೋಗಿ, ಕೊನೆಗೆ “ಇನ್ನು ಕೆಳಗೆ ಜಾಗ ಇಲ್ಲಪ್ಪಾ” ಎನ್ನುತ್ತಾರೆ. ಕಂದಪದ್ಯ ಕನ್ನಡದ್ದು, ತಪ್ಪಿದಾಗ ಬೀಳುವ ಬೈಗುಳ ತೆಲುಗಿನದು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗಾಗಿದ್ದು ಕನ್ನಡ ಪದ್ಯವನ್ನು ಗಟ್ಟಿ ಹಾಡುವವರು ಎಷ್ಟೋ ಜನ. ಒಂದಕ್ಕೊಂದು ಅಡ್ಡಿಯಾದದ್ದನ್ನು ನಾನು ಕಂಡಿಲ್ಲ.

ಬೆಳೆ ಕೈಗೆ ಬಂದು ಹೊಲ ಖಾಲಿ ಬಿದ್ದಾಗ ನಾಟಕ. ಶ್ರೀನಿವಾಸಪುರದ ಕಡೆಯವರಾದರೆ ಮಾವಿನ ಮಂಡಿ ತೆರೆಯುವುದರೊಳಗೆ ಆಡಿ ಮುಗಿಸಬೇಕು. ಬೇನಿಷಾ, ತೋತಾಪುರಿ ಇಳಿಯತೊಡಗಿದ ಮೇಲೆ ಭೀಮನೂ ಸಿಗುವುದಿಲ್ಲ, ಬಕಾಸುರನೂ ಸಿಗುವುದಿಲ್ಲ. ಬದುಕು ಬಿಟ್ಟುಕೊಟ್ಟ ಸಂದಿನಲ್ಲಿ ಹವ್ಯಾಸ ನುಸುಳುತ್ತದೆ. ಬದುಕು ಬಂದು ನಿಂತರೆ ಎದ್ದು ಜಾಗ ಬಿಡುತ್ತದೆ. ನಾವು ಹುಡುಗರಾಗಿದ್ದಾಗ ಬತ್ತಿದ ಕೆರೆಯ ಅಂಗಳವೇ ಕ್ರಿಕೆಟ್ ಮೈದಾನ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನವರು ಬಳಸಿ ಬಿಟ್ಟು, ಸಂಸ್ಕರಣೆಯಾಗಿ ಬಂದ ನೀರು, ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಪಿಚ್ಚು, ಬೌಂಡರಿ ಎಲ್ಲ ಮುಳುಗಿದವು. ಆ ನೀರು ಎಷ್ಟು ಶುದ್ಧ ಎಂಬ ಜಗಳ ಇನ್ನೂ ಇದೆ, ಇರಬೇಕಾದದ್ದೇ. ಪಿಚ್ಚು ಹೋಯಿತೆಂದು ಮಾತ್ರ ಯಾರೂ ಅಳಲಿಲ್ಲ.

ಹಳ್ಳಿಯದೆಲ್ಲ ನಿಷ್ಕಾಮ, ನಗರದ್ದೆಲ್ಲ ಲೆಕ್ಕಾಚಾರ ಎಂದು ಬರೆದುಬಿಡುವುದು ಸುಲಭ. ಅದು ಸುಳ್ಳು. ಪಂಚಾಯಿತಿ ಚುನಾವಣೆ ಹತ್ತಿರ ಬಂದರೆ ದುರ್ಯೋಧನನ ರೇಟು ಏರುತ್ತದೆ. ನಾಟಕದ ನಡುವೆ ಯುದ್ಧ ನಿಲ್ಲಿಸಿ, ಅವನ ಭಾವಮೈದುನರು ರಂಗದ ಮೇಲೆ ಹತ್ತಿ ನೋಟಿನ ಹಾರ ಹಾಕುತ್ತಾರೆ. ಅಲ್ಲಿಯವರೆಗೂ ಕೃಷ್ಣ ಮೂಲೆಯಲ್ಲಿ ನಿಂತು ಮೊಬೈಲ್ ನೋಡುತ್ತಿರುತ್ತಾನೆ. “ಒನ್ಸ್ ಮೋರ್” ಕೂಗುವವರೂ ಹೆಚ್ಚುಪಾಲು ನೆಂಟರೇ. ಪಾತ್ರಕ್ಕೆ ಕೊಟ್ಟ ದುಡ್ಡು ಎಲ್ಲಿಂದ ಬಂತೆಂದು ಕರ್ಣನ ಹೆಂಡತಿಯನ್ನು ಕೇಳಿದರೆ ಅವಳು ಬೋಳು ಕೊರಳನ್ನು ಮುಟ್ಟಿ ತೋರಿಸುತ್ತಾಳೆ.

ಆದರೂ ರಾತ್ರಿ ಎರಡು ಗಂಟೆಯ ಹೊತ್ತಿಗೆ, ಬಣ್ಣ ಬೆವರಿಗೆ ಇಳಿಯುತ್ತಿರುವಾಗ ಆ ಹರಾಜಿನವನು ಒಡೆದ ದನಿಯಲ್ಲೇ ಕುಂತಿಯ ಮುಂದೆ ಹಾಡುವಾಗ, ಚಾಪೆಯ ಮೇಲಿನ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆ ಗಳಿಗೆಯಲ್ಲಿ ಅವನು ಯಾರ ಮಂಡಿಯ ಆಳೂ ಅಲ್ಲ. ಲಖನೌ ಹುಡುಗ ಕೇಳಿದ ಲಾಭ ಇದೇ ಇರಬೇಕು: ಕೆಲಸ ಕೊಟ್ಟ ಹೆಸರನ್ನು ಕಳಚಿಟ್ಟು ಒಂದು ರಾತ್ರಿ ಇನ್ನೊಬ್ಬನಾಗುವುದು.

ಈ ಸೀಮೆಯ ದೊಡ್ಡವರಿಗೂ ಇದು ಗೊತ್ತಿತ್ತೆಂದು ಕಾಣುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರು ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿ. ನೌಕರಿಯಲ್ಲಿದ್ದುಕೊಂಡೇ 1920ರಲ್ಲಿ ಮೊದಲ ಕಥಾಸಂಕಲನ ತಂದರು. ಕಥೆ ಬರೆಯುವಾಗ ಅವರು ‘ಶ್ರೀನಿವಾಸ’. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಪತ್ರಿಕೆ, ರಾಜಕೀಯ, ಸಾರ್ವಜನಿಕ ಕೆಲಸವೆಂದು ಓಡಾಡಿದವರು. 1943ರಲ್ಲಿ ಹೊರಬಂದ ಕಗ್ಗದಲ್ಲಿ ಅವರು ಹಾಕಿಕೊಂಡದ್ದು ಮಂಕುತಿಮ್ಮನೆಂಬ ದಡ್ಡನ ವೇಷ. ಬರವಣಿಗೆ ಅವರಿಗೆ ಹವ್ಯಾಸವಾಗಿತ್ತು ಎನ್ನುವ ಧೈರ್ಯ ನನಗಿಲ್ಲ. ವೇಷವಂತೂ ಬೇಕಾಗಿತ್ತು.

ಇಷ್ಟು ಹೇಳಿ ಮುಗಿಸಬಹುದಿತ್ತು, ದ್ರೌಪದಿ ಇಲ್ಲದಿದ್ದರೆ.

ಗಂಡಸರು ದುಡ್ಡು ಕೊಟ್ಟು ಪಾತ್ರ ಮಾಡುವ ಅದೇ ರಂಗದ ಮೇಲೆ ಹೆಣ್ಣಿನ ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರಿಗೆ ರಾತ್ರಿಗೆ ಇಷ್ಟು ಎಂದು ಕೂಲಿ. ಊರಿನ ಹೆಣ್ಣುಮಕ್ಕಳು ಕೋಲಾಟಕ್ಕೆ, ಭಜನೆಗೆ ಸರಿ. ರಂಗದ ಮೇಲೆ ಬೇಡ. ಕಳೆದ ಬೇಸಿಗೆಯಲ್ಲಿ ಬಂದಿದ್ದ ದ್ರೌಪದಿಗೆ ತನ್ನ ಪದ್ಯ ಮಾತ್ರವಲ್ಲ, ಎಲ್ಲರ ಪದ್ಯವೂ ಬಾಯಿಪಾಠ. ಭೀಮ ಮರೆತು ತಡವರಿಸಿದಾಗಲೆಲ್ಲ ಮುಡಿ ಬಿಚ್ಚಿಕೊಂಡು ಅಳುತ್ತಲೇ, ಸೆರಗಿನ ಮರೆಯಲ್ಲಿ ಅವನ ಮುಂದಿನ ಸಾಲು ಎತ್ತಿಕೊಡುತ್ತಿದ್ದಳು. ಪ್ರೇಕ್ಷಕರಿಗೆ ಅದು ಗೊತ್ತಾಗದಂತೆ ಮಾಡುವುದೇ ಅವಳ ಕಸುಬು. ಬೆಳಗಿನ ಜಾವ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಾ, ಮೊದಲ ಬಸ್ಸಿಗೆ ಕಾಯುತ್ತಾ ಕೂತಿದ್ದಾಗ ನಾನು ಕೇಳಿದೆ:

“ಅಕ್ಕಾ, ನಿಮಗೇನಾದ್ರೂ ಹವ್ಯಾಸ ಇದೆಯಾ?”

“ನಿದ್ದೆ ಕಣಪ್ಪಾ” ಎಂದು ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, “ಪಾತ್ರ ಇಲ್ಲದ ದಿನ ಪಕ್ಕದೂರಲ್ಲಿ ನಾಟಕ ಇದ್ರೆ ಹೋಗಿ ಕೂತ್ಕೋತೀನಿ. ಆವತ್ತು ನನ್ನ ಯಾರೂ ಕರೆಯೋ ಹಾಗಿಲ್ಲ” ಎಂದಳು.

ನನಗೆ ಅಲ್ಲಿಯೇ ನಗು ಬಂತು. ಹಗಲೆಲ್ಲ ಕೋಡ್ ಬರೆದು ಸುಸ್ತಾದ ನಾನೂ ಭಾನುವಾರ ಮಾಡುವುದೇನು? ಅಜ್ಜಿಯ ತೆಲುಗು ಗಾದೆಗಳನ್ನು ಕನ್ನಡ ಅಕ್ಷರದಲ್ಲಿ ಜೋಡಿಸಿಡುವ ಒಂದು ಪ್ರೋಗ್ರಾಂ ಬರೆಯುತ್ತಾ ಕೂರುವುದು. ಬಳಕೆದಾರ ನಾನೊಬ್ಬನೇ. ಅದಕ್ಕೆ ಟಿಕೆಟ್ ಇಲ್ಲ, ಗಡುವು ಇಲ್ಲ. ಎಷ್ಟೋ ತಿಂಗಳು ಮುಟ್ಟದೆ ಬಿಟ್ಟರೂ ಯಾವ ಆ್ಯಪ್ಪೂ ಮುಖ ಸಪ್ಪೆ ಮಾಡಿಕೊಳ್ಳುವುದಿಲ್ಲ. ಕೆಲಸವೂ ಕೋಡ್, ಆಟವೂ ಕೋಡ್. ಹಾಗಾದರೆ ಬೇರೊಬ್ಬನಾಗಬೇಕೆಂದೇನೂ ಇಲ್ಲ. ನಡುವೆ ಎದ್ದು ಹೋಗುವ ಹಕ್ಕು ಇದ್ದರೆ ಸಾಕು. ಮಾವಿನ ಕಾಲ ಬಂದರೆ ಎದ್ದುಹೋಗುವ ಭೀಮನಿಗೆ ಆ ಹಕ್ಕು ಇದೆ, ನನಗೆ ಭಾನುವಾರ ಇದೆ. ಅವಳಿಗೆ ಪಾತ್ರವಿಲ್ಲದ ದಿನ ಸಿಗುತ್ತದೆ, ಆದರೆ ಆ ದಿನದ ಕೂಲಿ ಸಿಗುವುದಿಲ್ಲ.

ಈ ಬೇಸಿಗೆಯಲ್ಲಿ ನಿಮ್ಮ ನೆಂಟರಲ್ಲಿ ಯಾರಾದರೂ ದುರ್ಯೋಧನನಾಗಿದ್ದರೆ ಖಂಡಿತ ಹೋಗಿ, ಬೆಳಗಿನವರೆಗೂ ಕೂತು ನೋಡಿ. ಮೈಕಿನಲ್ಲಿ ಬಹುಮಾನ ಕೂಗಿಸಲು ಚೀಟಿ ಬರೆಯುವಾಗ ಮಾತ್ರ ದ್ರೌಪದಿಯ ಹೆಸರು ಬರೆಯಿರಿ. ನಿಮ್ಮ ನೆಂಟನಿಗೆ ಹೇಗಿದ್ದರೂ ಹಾರ ಬೀಳುತ್ತದೆ.