ಯಾರಿಗಾಗಿ ಈ ಕಣ್ಣೀರು?

ನಾಜಿಗಳೂ ಅವರ ಸಹಚರರೂ ಕೊಂದ ಸುಮಾರು 60 ಲಕ್ಷ ಯಹೂದಿಗಳಲ್ಲಿ 15 ಲಕ್ಷದಷ್ಟು ಮಂದಿ ಮಕ್ಕಳು. ಈ ಮಾತನ್ನು ಹತ್ತು ವರ್ಷದ ಓದುಗನಿಗೆ ಹೇಗೆ ಹೇಳುವುದು? ಹೇಳದಿದ್ದರೆ ಸತ್ತವರಿಗೆ ಅನ್ಯಾಯ, ಎಲ್ಲವನ್ನೂ ಹೇಳಿದರೆ ಓದುವ ಮಗುವಿಗೆ ಹಿಂಸೆ. ಈ ಇಕ್ಕಟ್ಟಿನಲ್ಲಿ ಮಕ್ಕಳ ಲೇಖಕರಿಗೆ ಎರಡು ದಾರಿಗಳಿವೆ: ಕೆಲವನ್ನು ಹೇಳದೆ ಬಿಡುವುದು, ಇಲ್ಲವೇ ನಡೆದದ್ದನ್ನೇ ಬದಲಿಸಿ ಹೇಳುವುದು. ಎರಡೂ ಒಂದೇ ಅಲ್ಲ.

ಜಾನ್ ಬಾಯ್ನ್ ಅವರ ‘ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್’ (2006) ಎರಡನೆಯ ದಾರಿ ಹಿಡಿದ ಪುಸ್ತಕ. ಶಿಬಿರದ ಅಧಿಕಾರಿಯ ಮಗ ಬ್ರೂನೋ, ಬೇಲಿಯಾಚೆಯ ಯಹೂದಿ ಹುಡುಗ ಶ್ಮುಯೆಲ್‌ನ ಗೆಳೆಯನಾಗುತ್ತಾನೆ. ಕೊನೆಗೆ ಬೇಲಿ ನುಸುಳಿ ಒಳಹೋಗಿ ಅವನ ಜೊತೆಗೇ ಸಾಯುತ್ತಾನೆ. ಆಶ್ವಿಟ್ಜ್‌ಗೆ ತಂದ ಯಹೂದಿ ಮಕ್ಕಳಲ್ಲಿ ಹೆಚ್ಚಿನವರನ್ನು ಬಂದ ದಿನವೇ ವಿಷಾನಿಲದ ಕೋಣೆಗೆ ಕಳಿಸುತ್ತಿದ್ದರು. ಬೇಲಿಯಲ್ಲಿ ವಿದ್ಯುತ್ ಹರಿಯುತ್ತಿತ್ತು. ಈ ಇತಿಹಾಸವನ್ನು ಓದುವವರೂ ಕಲಿಸುವವರೂ ಈ ಪುಸ್ತಕವನ್ನು ದೂರವಿಡಬೇಕೆಂದು 2020ರಲ್ಲಿ ಆಶ್ವಿಟ್ಜ್ ಸ್ಮಾರಕವೇ ಹೇಳಿತು.

ಕಾದಂಬರಿಕಾರನಿಗೆ ಕಲ್ಪನೆಯ ಸ್ವಾತಂತ್ರ್ಯವಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಆದರೆ ಆ ಸ್ವಾತಂತ್ರ್ಯದಿಂದ ಓದುಗನ ಕಣ್ಣೀರು ಯಾರ ಕಡೆ ಹರಿಯಿತು ಎಂಬುದನ್ನೂ ಕೇಳಬೇಕು. ಇಲ್ಲಿ ನಾವು ಅಳುವುದು ಬ್ರೂನೋಗಾಗಿ, ಅವನ ಹೆತ್ತವರಿಗಾಗಿ. ಬ್ರೂನೋ ‘ತಪ್ಪಿ’ ಸತ್ತ ಎಂದು ಮರುಗುವ ಮಗುವಿನ ಮನಸ್ಸಿನಲ್ಲಿ, ಉಳಿದವರ ಸಾವು ತಪ್ಪಲ್ಲವೇನೋ ಎಂಬ ಭಾವ ಸದ್ದಿಲ್ಲದೆ ಕೂತುಬಿಡಬಹುದು. ಶ್ಮುಯೆಲ್ ತನ್ನದೇ ದುರಂತದಲ್ಲಿ ಪಕ್ಕದ ಪಾತ್ರವಾಗುತ್ತಾನೆ.

ಜುಡಿತ್ ಕರ್ ಮೊದಲನೆಯ ದಾರಿ ಹಿಡಿದರು. ತಮ್ಮ ಬಾಲ್ಯವನ್ನೇ ಆಧರಿಸಿದ ‘ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ‍್ಯಾಬಿಟ್’ (1971) ಕಾದಂಬರಿಯಲ್ಲಿ, 1933ರಲ್ಲಿ ಬರ್ಲಿನ್ ಬಿಡುವ ಒಂಬತ್ತು ವರ್ಷದ ಅನ್ನಾ ತನ್ನ ಗುಲಾಬಿ ಬಣ್ಣದ ಬೊಂಬೆ ಮೊಲವನ್ನು ಅಲ್ಲೇ ಬಿಟ್ಟು ಬರುತ್ತಾಳೆ. ಸಾವಿನ ಶಿಬಿರಗಳು ಕಥೆಯೊಳಗೆ ಬರುವುದಿಲ್ಲ. ಆದರೂ ಮನೆ, ಊರು, ಭಾಷೆ ಕಳೆದುಕೊಳ್ಳುವುದು ಏನೆಂದು ಮಗುವಿಗೆ ತನ್ನ ಅಳತೆಯಲ್ಲಿ ತಿಳಿಯುತ್ತದೆ. ಬೆಳೆದ ಮೇಲೆ ಉಳಿದದ್ದನ್ನು ಓದಿದಾಗ, ಅಂದು ಓದಿದ್ದು ಸುಳ್ಳಾಗುವುದಿಲ್ಲ.

ನಿಜವನ್ನೇ ಹೇಳಿದ ಪುಸ್ತಕವೂ ಒಂಟಿಯಾಗಿ ಓದಿದರೆ ದಾರಿ ತಪ್ಪಿಸಬಹುದು. ಲೋಯಿಸ್ ಲೌರಿ ಅವರ ‘ನಂಬರ್ ದಿ ಸ್ಟಾರ್ಸ್’ (1989) ಡೆನ್ಮಾರ್ಕ್‌ನ ಜನ 1943ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದ ಕಾಲದ ಕಥೆ. ಆದರೆ ಪೋಲೆಂಡ್‌ನ ಸುಮಾರು 33 ಲಕ್ಷ ಯಹೂದಿಗಳಲ್ಲಿ 30 ಲಕ್ಷದಷ್ಟು ಮಂದಿ ಉಳಿಯಲಿಲ್ಲ. ಡೆನ್ಮಾರ್ಕ್‌ನದು ಅಪವಾದ. ಅದನ್ನೇ ನಿಯಮವೆಂದು ಮಗು ನಂಬಿದರೆ ಅದು ಪುಸ್ತಕದ ದೋಷವಲ್ಲ, ಅದೊಂದನ್ನೇ ಕೈಗಿತ್ತ ಹಿರಿಯರ ದೋಷ.

ಕೊಲೆಯ ಸುದ್ದಿಯೇ ಇಲ್ಲದ ಪುಸ್ತಕಗಳೂ ಆ ಕಪಾಟಿನಲ್ಲಿರಬೇಕು. ಸಿಡ್ನಿ ಟೇಲರ್ ಅವರ ‘ಆಲ್-ಆಫ್-ಎ-ಕೈಂಡ್ ಫ್ಯಾಮಿಲಿ’ (1951) ನ್ಯೂಯಾರ್ಕ್‌ನ ಬಡ ಯಹೂದಿ ಮನೆಯೊಂದರ ಐವರು ಅಕ್ಕತಂಗಿಯರ ಕಥೆ. ಧೂಳು ಒರೆಸುವ ಕೆಲಸ ಆಟವಾಗಲೆಂದು ತಾಯಿ ಕೋಣೆಯಲ್ಲಿ ಗುಂಡಿಗಳನ್ನು ಅಡಗಿಸಿಡುತ್ತಾಳೆ. ಒಂದು ಜನಾಂಗದ ಸಾವನ್ನಷ್ಟೇ ಓದಿದ ಮಗುವಿಗೆ ಕಳೆದುಹೋದದ್ದು ಏನೆಂದು ಗೊತ್ತಾಗುವುದಿಲ್ಲ. ಅದು ಇಂಥ ಗುಂಡಿಗಳಲ್ಲಿ, ಶುಕ್ರವಾರ ಸಂಜೆ ಹಚ್ಚಿದ ಮೇಣದಬತ್ತಿಗಳಲ್ಲಿ ಇತ್ತು.

ಮಗುವಿಗೆ ಎಲ್ಲವನ್ನೂ ಇಂದೇ ಹೇಳಬೇಕಿಲ್ಲ. ಇಂದು ಹೇಳಿದ್ದನ್ನು ನಾಳೆ ಹಿಂತೆಗೆದುಕೊಳ್ಳುವಂತಾಗಬಾರದು, ಅಷ್ಟೆ.