ಬಾಗಿಲು ಮುಚ್ಚುವ ಹಬ್ಬದ ಹಿಂದಿನ ದಿನ

ಮುಂಬೈ ಹತ್ತಿರದ ಠಾಣೆಯಲ್ಲಿ ನಮ್ಮ ಮನೆಯ ಎದುರು ಬಾಗಿಲಿನ ಅಜ್ಜಿ ಒಂದು ಸಂಜೆ ಬೆಲ್ ಒತ್ತಿ, ಒಳಗೆ ಬನ್ನಿ ಎಂದರೂ ಬಾರದೆ ಹೊಸಿಲ ಆಚೆಯೇ ನಿಂತರು. ಮಳೆಗಾಲ ಮುಗಿಯುತ್ತಾ ಬಂದಿತ್ತು. ಇಸ್ತ್ರಿ ಮಾಡಿದ ಬಿಳಿ ಸೀರೆ, ಕೈಯಲ್ಲಿ ಏನೂ ಇಲ್ಲ. ಸಕ್ಕರೆಯೋ ಹಾಲೋ ಬೇಕಿರಬಹುದು ಅಂದುಕೊಂಡೆ. ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಜುಲೈನಲ್ಲಿ ಚಪ್ಪಲಿ ಸ್ಟ್ಯಾಂಡಿನ ವಿಷಯಕ್ಕೆ ನಿಮ್ಮನ್ನು ಹೊರಗಿನಿಂದ ಬಂದವರು, ರೀತಿನೀತಿ ಗೊತ್ತಿಲ್ಲದವರು ಅಂದೆ. ಅದನ್ನು ಕೆಳಗಿನ ಮಹಡಿಯವರ ಎದುರಿಗೂ ಅಂದೆ. ಕ್ಷಮೆ ಕೇಳಲು ಬಂದಿದ್ದೇನೆ."

ನನಗೆ ಮುಜುಗರವಾಯಿತು. "ಅಯ್ಯೋ ಬಿಡಿ ಅಜ್ಜಿ, ಅದನ್ನೆಲ್ಲ ಯಾರು ನೆನಪಿಟ್ಟುಕೊಳ್ತಾರೆ" ಎಂದೆ. ನಾನು ನೆನಪಿಟ್ಟುಕೊಂಡಿದ್ದೆ. ಎರಡು ತಿಂಗಳಿಂದ ಲಿಫ್ಟಿನಲ್ಲಿ ಅವರ ಮುಖ ನೋಡಿರಲಿಲ್ಲ. ಅಜ್ಜಿ ತಲೆಯಾಡಿಸಿದರು. "ಬಿಡಿ ಅನ್ನಬೇಡಿ. ಕ್ಷಮಿಸಿದೆ ಅನ್ನಿ, ಇಲ್ಲ ಅಂದರೆ ಇಲ್ಲ ಅನ್ನಿ." ಕ್ಷಮಿಸಿದೆ ಎಂಬ ಆ ಒಂದು ಮಾತು ಬಾಯಿಂದ ಹೊರಡಿಸಲು ನಾನು ಪಟ್ಟ ಕಷ್ಟ ನನಗೆ ಇವತ್ತಿಗೂ ನೆನಪಿದೆ. ಕೇಳಿಸಿಕೊಂಡು, ಕೈಮುಗಿದು, ಪಕ್ಕದ ಬಾಗಿಲಿಗೆ ಹೋದರು. ಅಲ್ಲಿಯೂ ಅವರಿಗೆ ಏನೋ ಲೆಕ್ಕ ಬಾಕಿ ಇತ್ತು.

ಆ ಅಜ್ಜಿ ಬೆನೆ ಇಸ್ರೇಲಿ. ಕೊಂಕಣ ತೀರದಲ್ಲಿ ಶತಮಾನಗಳ ಕಾಲ ಎಣ್ಣೆಗಾಣ ನಡೆಸಿಕೊಂಡು, ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾಗಿ 'ಶನಿವಾರ ತೇಲಿ' ಎಂದು ಕರೆಸಿಕೊಂಡ ಯೆಹೂದ್ಯರು ಇವರು. ಮನೆಮಾತು ಮರಾಠಿ. ಮರುದಿನ ಯೋಮ್ ಕಿಪ್ಪೂರ್, ಪ್ರಾಯಶ್ಚಿತ್ತದ ದಿನ. ಸೂರ್ಯಾಸ್ತದ ಮೊದಲು ಶುರುವಾಗಿ ಮರುದಿನ ಇರುಳು ಕವಿಯುವವರೆಗೆ, ಸುಮಾರು 25 ಗಂಟೆ ಅನ್ನ ನೀರು ಮುಟ್ಟುವುದಿಲ್ಲ, ಚರ್ಮದ ಚಪ್ಪಲಿ ಮೆಟ್ಟುವುದಿಲ್ಲ. ಅವರ ಹಿರಿಯರು ಅದನ್ನು ಮರಾಠಿಯಲ್ಲಿ 'ದಾರ್ ಫಾಳಣೀಚಾ ಸಣ್' ಅನ್ನುತ್ತಿದ್ದರಂತೆ, ಬಾಗಿಲು ಮುಚ್ಚುವ ಹಬ್ಬ. ಆ ದಿನ ಬಾಗಿಲು ಹಾಕಿಕೊಂಡು ದೇವರ ಎದುರು ನಿಲ್ಲಬೇಕು. ಹಾಗೆ ನಿಲ್ಲುವ ಮೊದಲು ಊರವರ ಬಾಗಿಲುಗಳನ್ನು ತಟ್ಟಿ ಬಂದಿರಬೇಕು. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಯೆಹೂದಿ ಧರ್ಮನಿಯಮಗಳ ಗ್ರಂಥ ಮಿಷ್ನಾ ಈ ವಿಷಯದಲ್ಲಿ ಬಹಳ ಖಡಾಖಂಡಿತ: ಮನುಷ್ಯನಿಗೂ ದೇವರಿಗೂ ನಡುವಿನ ತಪ್ಪನ್ನು ಆ ದಿನ ತೊಳೆಯುತ್ತದೆ, ಮನುಷ್ಯನಿಗೂ ಮನುಷ್ಯನಿಗೂ ನಡುವಿನದನ್ನು ತೊಳೆಯುವುದಿಲ್ಲ. ನೊಂದವನ ಹತ್ತಿರ ಮೊದಲು ಹೋಗಬೇಕು. ದೇವರು ಅವನ ಪರವಾಗಿ ಕ್ಷಮಿಸಲಾರ.

ನಾನು ಓದಿದ್ದು ಮಿಷನ್ ಶಾಲೆಯಲ್ಲಿ. ಆದಾಮ ಹವ್ವರು ತಿಂದ ಹಣ್ಣಿನಿಂದ ಮನುಷ್ಯಕುಲಕ್ಕೆ ಅಂಟಿದ ಪಾಪ, ತೊಟ್ಟಿಲ ಕೂಸಿಗೂ ಅಂಟಿದ ಪಾಪ, ಎಂಬ ಪಾಠ ಅಲ್ಲಿ ಕೇಳಿದ್ದೆ. ಮನೆಗೆ ಬಂದರೆ ಪ್ರದಕ್ಷಿಣೆ ಹಾಕುವಾಗ ಹೇಳುವ ಶ್ಲೋಕದಲ್ಲಿ ನಾನು ಪಾಪಿ, ಪಾಪದಿಂದಲೇ ಹುಟ್ಟಿದವನು ಎಂದು ದಿನಾ ಹೇಳಿಕೊಳ್ಳುತ್ತಿದ್ದೆ. ಎರಡೂ ಕಡೆ ಹುಟ್ಟೇ ಅಪರಾಧವೆಂದು ಒಪ್ಪಿಕೊಂಡು ಬೆಳೆದೆ. ಆದರೆ ಆದಾಮ ಹವ್ವರ ಆ ಕಥೆ ಮೂಲದಲ್ಲಿ ಯಾರದೋ ಅವರು ಅದನ್ನು ಹಾಗೆ ಓದುವುದಿಲ್ಲ ಎಂಬುದು ಅಜ್ಜಿಯ ಭೇಟಿಯ ನಂತರ, ಕುತೂಹಲ ಹುಟ್ಟಿ ಪುಸ್ತಕ ಹಿಡಿದಾಗ ಗೊತ್ತಾಯಿತು.

ಜನ್ಮಪಾಪದ ಸಿದ್ಧಾಂತವನ್ನು ಗಟ್ಟಿ ಮಾಡಿದವರು ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್, 354ರಿಂದ 430ರವರೆಗೆ ಬದುಕಿದ್ದವರು. ಅವರನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಇನ್ನೊಂದು ಕೂಸು ಅದೇ ದಾದಿಯ ಮೊಲೆಯುಣ್ಣುವುದನ್ನು ಕಂಡು ಹಸುಗೂಸೊಂದು ಹೊಟ್ಟೆಕಿಚ್ಚಿನಿಂದ ಬಿಳಿಚಿಕೊಂಡದ್ದನ್ನು ಅವರು ಕಣ್ಣಾರೆ ನೋಡಿ ಬರೆದಿದ್ದಾರೆ. ಮಕ್ಕಳನ್ನು ಸಾಕಿದವರು ಯಾರೂ ಅದನ್ನು ಸುಳ್ಳು ಅನ್ನಲಾರರು. ಯೆಹೂದಿ ಗುರುಗಳೂ ಅದನ್ನು ನೋಡದವರಲ್ಲ. ಅವರಿಗೂ ಅಗಸ್ಟೀನರಿಗೂ ಇರುವ ಭೇದ ಕಂಡದ್ದರಲ್ಲಿಲ್ಲ, ಕಂಡದ್ದಕ್ಕೆ ಕೊಟ್ಟ ಹೆಸರಿನಲ್ಲಿದೆ.

ಆದಿಕಾಂಡದ ಮೂರನೇ ಅಧ್ಯಾಯದಲ್ಲಿ ಹಾವಿದೆ, ಹೆಸರಿಲ್ಲದ ಹಣ್ಣಿದೆ, ಶಾಪವಿದೆ, ತೋಟದಿಂದ ಹೊರದೂಡಿದ್ದೂ ಇದೆ. ಪಾಪ ಎಂಬ ಶಬ್ದ ಮಾತ್ರ ಇಲ್ಲ. ಅದು ಮೊದಲು ಕಾಣಿಸುವುದು ನಾಲ್ಕನೇ ಅಧ್ಯಾಯದಲ್ಲಿ, ತಮ್ಮನ ಮೇಲೆ ಕುದಿಯುತ್ತಿರುವ ಕಾಯಿನನಿಗೆ ದೇವರು ಬುದ್ಧಿ ಹೇಳುವಾಗ. ಪಾಪವು ಬಾಗಿಲಲ್ಲಿ ಹೊಂಚಿ ಕೂತಿದೆ, ಆದರೆ ನೀನು ಅದನ್ನು ಆಳಬಲ್ಲೆ ಎಂಬ ಅರ್ಥದ ಮಾತು ಅದು. ಪಾಪ ರಕ್ತದಲ್ಲಿಲ್ಲ, ಹೊಸಿಲಲ್ಲಿದೆ. ಕಾಯಿನ ಆಳಲಿಲ್ಲ, ಕೊಂದ. ಆದರೆ ಆಳಬಹುದಿತ್ತು ಎಂಬಲ್ಲೇ ಈ ಪರಂಪರೆ ಕಾಲೂರಿ ನಿಂತಿದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಯೆಹೂದ್ಯರು ಹೇಳುವ ಪ್ರಾರ್ಥನೆಗಳಲ್ಲಿ ಒಂದು, ನೀನು ಕೊಟ್ಟ ಆತ್ಮ ಶುದ್ಧವಾಗಿದೆ ಎಂದು ಶುರುವಾಗುತ್ತದೆ. ನಾನು ಪ್ರದಕ್ಷಿಣೆಯಲ್ಲಿ ಹೇಳುತ್ತಿದ್ದುದಕ್ಕೆ ತೀರಾ ಎದುರು.

ಹೀಬ್ರೂವಿನಲ್ಲಿ ಪಾಪಕ್ಕೆ ಇರುವ ಸಾಮಾನ್ಯ ಶಬ್ದ 'ಹೇತ್'. ಅದರ ಧಾತುವಿಗೆ ಗುರಿ ತಪ್ಪುವುದು ಎಂದರ್ಥ. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಬೆನ್ಯಾಮೀನ ಕುಲದ 700 ಮಂದಿ ಎಡಚ ಕವಣೆಗಾರರು ಬರುತ್ತಾರೆ. ಕೂದಲೆಳೆಗೆ ಕಲ್ಲು ಬೀಸಿದರೂ ಅವರ ಗುರಿ ತಪ್ಪುತ್ತಿರಲಿಲ್ಲ. ಅಲ್ಲಿರುವುದು ಅದೇ ಧಾತು. ಇದನ್ನು ಓದಿದಾಗ ನನಗೆ ಪುಸ್ತಕ ಮುಚ್ಚಿ ಸುಮ್ಮನೆ ಕೂರುವಂತಾಯಿತು. ನಮ್ಮ ಕನ್ನಡದ 'ತಪ್ಪು' ಇದೇ ಅಲ್ಲವೇ? ಗುರಿ ತಪ್ಪಿತು, ದಾರಿ ತಪ್ಪಿತು, ಲೆಕ್ಕ ತಪ್ಪಿತು, ಬಸ್ಸು ತಪ್ಪಿತು. ಅದೇ ಶಬ್ದ ಅಪರಾಧಕ್ಕೂ. ತಪ್ಪಿದವನಿಗೆ ಗುರಿ ಇತ್ತು, ಕಲ್ಲು ಬೀಸಲು ತೋಳಿತ್ತು, ಇನ್ನೊಮ್ಮೆ ಬೀಸಬಹುದು. ಪಶ್ಚಾತ್ತಾಪಕ್ಕೆ ಹೀಬ್ರೂ ಹೇಳುವ 'ತೆಶುವಾ' ಎಂದರೂ ಮರಳುವುದು, ಅಷ್ಟೇ. ದಾರಿ ತಪ್ಪಿದವನು ಮಾಡಬೇಕಾದ್ದು ಅದೊಂದನ್ನೇ.

ಒಳಗಿನ ಎಳೆತವನ್ನು ಅವರು 'ಯೇಚರ್ ಹಾರಾ' ಅನ್ನುತ್ತಾರೆ, ಕೆಟ್ಟದ್ದರ ಕಡೆಗಿನ ತುಡಿತ. ಮಿಷ್ನಾದ ಮೇಲೆ ಗುರುಗಳು ನಡೆಸಿದ ಚರ್ಚೆಗಳ ಸಂಗ್ರಹವಾದ ತಾಲ್ಮೂದಿನಲ್ಲಿ ಇದರ ಒಂದು ಕಥೆ ಇದೆ. ಹಿಂದೊಮ್ಮೆ ಹಿರಿಯರು ಪ್ರಾರ್ಥಿಸಿ ಕಾಮದ ತುಡಿತವನ್ನು ಹಿಡಿದೇಬಿಟ್ಟರು. ಇದನ್ನು ಕೊಂದರೆ ಲೋಕವೇ ನಿಂತುಹೋದೀತು ಎಂಬ ಎಚ್ಚರಿಕೆ ಬಂತು. ಮೂರು ದಿನ ಕೂಡಿಹಾಕಿದರು. ಆಮೇಲೆ ನಾಡಿಗೆ ನಾಡೇ ಹುಡುಕಿದರೂ ಅಂದು ಇಟ್ಟ ಒಂದು ಮೊಟ್ಟೆ ಸಿಗಲಿಲ್ಲ. ಕೋಳಿಗಳಿಗೂ ಆಸೆ ಬತ್ತಿಹೋಗಿತ್ತು. ಕಡೆಗೆ ಅದರ ಕಣ್ಣು ಕುರುಡಾಗಿಸಿ ಬಿಟ್ಟುಬಿಟ್ಟರು. ಈ ತುಡಿತ ಇಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ಮಕ್ಕಳನ್ನು ಹೆರುತ್ತಿರಲಿಲ್ಲ, ವ್ಯಾಪಾರ ಮಾಡುತ್ತಿರಲಿಲ್ಲ ಎಂದು ಇನ್ನೊಂದು ವ್ಯಾಖ್ಯಾನ ಹೇಳುತ್ತದೆ. ಅಗಸ್ಟೀನರು ಕಂಡ ಕೂಸಿನ ಹೊಟ್ಟೆಕಿಚ್ಚೂ ಇದರದೇ ಕುಡಿ. ಅದೇ ಹಸಿವಿನಿಂದ ಕೂಸು ಬೆಳೆಯುವುದು.

ಯೆಹೂದಿ ಚಿಂತನೆಯಲ್ಲಿ ಎಲ್ಲರೂ ಹೀಗೆ ಒಂದೇ ದನಿಯಲ್ಲಿ ಮಾತಾಡುತ್ತಾರೆ ಎಂದರೆ ಸುಳ್ಳಾಗುತ್ತದೆ. ಹಾವು ಹವ್ವಳಲ್ಲಿ ಒಂದು ಹೊಲಸು ಬಿಟ್ಟಿತು, ದೇವರ ಆಜ್ಞೆ ಪಡೆಯಲು ಸಿನಾಯಿ ಬೆಟ್ಟದ ಬುಡದಲ್ಲಿ ನಿಂತವರಿಗೆ ಮಾತ್ರ ಅದು ಕಳೆಯಿತು ಎಂಬ ಮಾತು ತಾಲ್ಮೂದಿನಲ್ಲೇ ಇದೆ. ತಮ್ಮ ಯಾವ ಪಾಪವೂ ಇಲ್ಲದೆ, ಆ ಹಳೆಯ ಹಾವಿನ ಕಾರಣದಿಂದಷ್ಟೇ ಸತ್ತವರು ನಾಲ್ವರು ಎಂದೂ ಇದೆ. ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯ ಸುಟ್ಟ ಮೇಲೆ ಬರೆದ ಎರಡು ಗ್ರಂಥಗಳಲ್ಲಿ ಈ ಜಗಳ ಎದುರುಬದುರು ನಿಂತಿದೆ. ಎಜ್ರನ ಹೆಸರಿನದು ಆದಾಮನನ್ನು ಹಿಡಿದು ಕೇಳುತ್ತದೆ, ಏನು ಮಾಡಿಬಿಟ್ಟೆ ನಮಗೆಲ್ಲ ಎಂದು. ಬಾರೂಕನ ಹೆಸರಿನದು ಹೇಳುತ್ತದೆ, ಅವನು ಅವನ ಪಾಲಿಗೆ ಆದಾಮ, ನಮ್ಮಲ್ಲಿ ಪ್ರತಿಯೊಬ್ಬರೂ ಅವರವರ ಆದಾಮ. ಉಳಿದುಕೊಂಡು ಬಂದದ್ದು ಬಾರೂಕನ ದಾರಿ. ಅಪ್ಪಂದಿರ ಪಾಪ ಮಕ್ಕಳ ತಲೆಗೆ ಎಂದು ಸಿನಾಯಿಯಲ್ಲಿ ಹೇಳಿದ್ದನ್ನು ಪ್ರವಾದಿ ಯೆಹೆಜ್ಕೇಲ ಬಂದು ರದ್ದು ಮಾಡಿದ ಎಂದು ಹೇಳುವಷ್ಟು ಧೈರ್ಯ ತಾಲ್ಮೂದಿನ ಗುರುಗಳಿಗಿತ್ತು.

ಇಷ್ಟನ್ನೂ ನಾನು ಓದಿದ್ದು ತಿಳಿವಳಿಕೆಗೆ. ಅದು ನನ್ನ ಮನೆಯೊಳಗೆ ಬಂದದ್ದು ಆಮೇಲೆ.

ನಮ್ಮ ತಂದೆ ಊರಿನಲ್ಲಿ ಮೇಷ್ಟ್ರಾಗಿದ್ದವರು. ಗದುಗಿನ ಭಾರತದ ಪರ್ವಪರ್ವಗಳೇ ಅವರಿಗೆ ಬಾಯಿಗೆ ಬರುತ್ತಿದ್ದವು. ಮರೆವಿನ ಕಾಯಿಲೆ ಹೆಚ್ಚಿದ ಮೇಲೆ ಠಾಣೆಗೆ ಕರೆತಂದೆ. ಸಂಜೆಯಾದರೆ ಟವೆಲು, ಕನ್ನಡಕದ ಡಬ್ಬಿ, ಒಂದು ಬಾಳೆಹಣ್ಣು ಇಷ್ಟನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂರುವರು. "ಬಸ್ಸು ಎಷ್ಟು ಹೊತ್ತಿಗೆ? ತಪ್ಪಿಹೋಗುತ್ತೆ" ಅನ್ನುವರು. ಒಂದು ದಿನ ಲೋಕಲ್ ರೈಲಿನಲ್ಲಿ ಎರಡು ಗಂಟೆ ನಿಂತು ಬಂದಿದ್ದೆ. ಐದನೇ ಸಲವೋ ಆರನೇ ಸಲವೋ ಕೇಳಿದಾಗ ಚೀಲ ಕಿತ್ತುಕೊಂಡು ಒಳಗೆ ಎಸೆದೆ. "ಯಾವ ಬಸ್ಸೂ ಇಲ್ಲ, ನಿಮಗೆ ಊರೂ ಇಲ್ಲ, ಸುಮ್ಮನೆ ಬಿದ್ದಿರಿ" ಎಂದೆ. ಬಾಳೆಹಣ್ಣು ನೆಲಕ್ಕೆ ಬಿದ್ದು ಒಡೆಯಿತು. ಅವರು ಎದ್ದು ನಿಂತು, ಇನ್‌ಸ್ಪೆಕ್ಟರ್ ಬಂದಾಗ ಮೇಷ್ಟ್ರು ನಿಲ್ಲುವ ಹಾಗೆ ಕೈಕಟ್ಟಿ, "ಆಗಲಿ ಸಾರ್" ಎಂದರು.

ಮರುದಿನ ಬೆಳಿಗ್ಗೆ ಅವರಿಗೆ ಅದು ನೆನಪಿರಲಿಲ್ಲ. ಕ್ಷಮೆ ಕೇಳಲು ಎದುರಿಗೆ ಮನುಷ್ಯರಿದ್ದರು, ನೋಯಿಸಿಕೊಂಡವರು ಇರಲಿಲ್ಲ. ನಾಲ್ಕು ತಿಂಗಳಿಗೆ ತೀರಿಕೊಂಡರು. ಆಗ ಇದನ್ನು ಒಬ್ಬಿಬ್ಬರಿಗೆ ಹೇಳಿಕೊಂಡಾಗ ಎಲ್ಲರೂ ಸಮಾಧಾನ ಮಾಡಿದರು: ಮನುಷ್ಯ ಅಂದಮೇಲೆ ಬೇಜಾರು ಬರೋದೇ, ಯಾರಿಗೆ ತಪ್ಪಿದ್ದು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆ ಮಾತು ನನ್ನನ್ನು ಮುಟ್ಟಲಿಲ್ಲ. ಚೀಲ ಎಸೆದದ್ದು ಮನುಷ್ಯಕುಲ ಅಲ್ಲ, ನಾನು. ಹುಟ್ಟಿನಿಂದಲೇ ಪಾಪಿ ಎಂದು ಎದೆ ಬಡಿದುಕೊಂಡರೂ, ಮನುಷ್ಯ ಸಹಜ ಎಂದು ಕೈತೊಳೆದುಕೊಂಡರೂ ಆ ಸಂಜೆಯ ಸ್ಟೂಲು ಕಣ್ಣಿಗೆ ಬೀಳುವುದಿಲ್ಲ. ಎರಡೂ ಕಡೆ ತಪ್ಪು ಎಲ್ಲರದಾಗಿ, ಯಾರದೂ ಅಲ್ಲದ್ದಾಗಿ ಹೋಗುತ್ತದೆ. ನಮ್ಮ ಭಾಷೆಯೂ ಇದಕ್ಕೆ ಒದಗಿಬರುತ್ತದೆ. 'ತಪ್ಪಾಯ್ತು' ಅನ್ನುತ್ತೇವೆ, ಮಳೆಯಾಯ್ತು ಅಂದ ಹಾಗೆ. ಅದರಲ್ಲಿ ಮಾಡಿದವನಿಲ್ಲ. ಎದುರು ಮನೆಯ ಅಜ್ಜಿ ಅಂದು ತಪ್ಪಾಯ್ತು ಅನ್ನಲಿಲ್ಲ. ಇಂಥ ತಿಂಗಳು, ಇಂಥ ಮಾತು, ಇಂಥವರ ಎದುರು, ನಾನು ಅಂದೆ ಎಂದರು.

ಮೋಶೆ ಬೆಟ್ಟ ಇಳಿದು ಬಂದು, ಚಿನ್ನದ ಕರುವಿನ ಸುತ್ತ ಜನ ಕುಣಿಯುವುದನ್ನು ಕಂಡು, ಕೈಯಲ್ಲಿದ್ದ ಕಲ್ಲಿನ ಹಲಗೆಗಳನ್ನು ಒಡೆದದ್ದು ಎಲ್ಲರಿಗೂ ಗೊತ್ತು. ಆಮೇಲೆ ಬಂದ ಎರಡನೇ ಜೋಡಿ ಇಡಿಯಾದದ್ದು. ಪರಂಪರೆಯ ಲೆಕ್ಕದಲ್ಲಿ ಅದು ಸಿಕ್ಕಿದ ದಿನವೇ ಯೋಮ್ ಕಿಪ್ಪೂರ್. ಒಡೆದ ಚೂರುಗಳು ಏನಾದವು? ಅವನ್ನೂ ಇಡೀ ಹಲಗೆಗಳ ಜೊತೆ ಅದೇ ಮಂಜೂಷದಲ್ಲಿಟ್ಟರು ಎಂದು ತಾಲ್ಮೂದು ಹೇಳುತ್ತದೆ. ಅದಕ್ಕೇ, ಕಲಿತದ್ದನ್ನೆಲ್ಲ ಮರೆತ ಮುದುಕನನ್ನು ಗೌರವದಿಂದ ಕಾಣಿ, ಅವನು ಆ ಚೂರುಗಳಂತೆ ಎಂದೂ ಹೇಳುತ್ತದೆ. ಈ ಮಾತನ್ನು ನಾನು ಓದಿದ್ದು ಅಪ್ಪ ಹೋದ ಎಂಟು ತಿಂಗಳ ಮೇಲೆ. ಮೊದಲೇ ಓದಿದ್ದರೆ ಚೀಲ ಎಸೆಯುತ್ತಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

1204ರಲ್ಲಿ ತೀರಿಕೊಂಡ ಯೆಹೂದಿ ಧರ್ಮಗುರು ಮೈಮೊನಿಡೀಸ್ ವೈದ್ಯರೂ ಆಗಿದ್ದವರು. ತೆಶುವಾದ ನಿಯಮಗಳನ್ನು ಅವರು ಔಷಧಿ ಚೀಟಿಯಷ್ಟು ಖಚಿತವಾಗಿ ಬರೆದಿದ್ದಾರೆ. ಮನಸ್ಸಿನಲ್ಲಿ ಕೊರಗಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಅದೇ ಸಂದರ್ಭ, ಅದೇ ಶಕ್ತಿ ಮತ್ತೆ ಒದಗಿದಾಗ ಮತ್ತೆ ಮಾಡದಿದ್ದರೆ ಅದು ಪೂರ್ತಿ ಮರಳಿದ್ದು. ನೊಂದವನು ಕ್ಷಮಿಸದಿದ್ದರೆ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿ ಕೇಳಬೇಕು, ಹೀಗೆ ಮೂರು ಸಲ. ಅವನು ಸತ್ತುಹೋಗಿದ್ದರೆ ಹತ್ತು ಜನರನ್ನು ಅವನ ಸಮಾಧಿಯ ಹತ್ತಿರ ಕರೆದೊಯ್ದು, ದೇವರಿಗೂ ಇಂಥವರಿಗೂ ನಾನು ಇಂಥದ್ದು ಮಾಡಿದೆ ಎಂದು ಅವರೆದುರು ಹೇಳಬೇಕು. ಸತ್ತವನ ಬಾಯಿಂದ ಕ್ಷಮೆ ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ಹೇಳುವ ಕೆಲಸದಿಂದ ಬಿಡುಗಡೆ ಕೊಡಲಿಲ್ಲ.

ನಮ್ಮಲ್ಲಿ ಸಮಾಧಿ ಇಲ್ಲ. ಬೂದಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದಿದ್ದೆವು. ಇನ್ನೊಂದು ನೆನಪೂ ಅಲ್ಲಿಗೇ ಎಳೆಯುತ್ತದೆ. ಮುಂಬೈಯ ಮಾಂಡವಿಯಲ್ಲಿ ಬೆನೆ ಇಸ್ರೇಲಿಗಳ ಮೊದಲ ಸಿನಗಾಗ್ ಕಟ್ಟಿಸಿದ ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವನು. ಅದೇ ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಸುಲ್ತಾನನ ಸೆರೆಯಲ್ಲಿ ಜೀವ ಉಳಿದದ್ದಕ್ಕೆ ಹರಕೆಯಾಗಿ ಕಟ್ಟಿಸಿದ ಎಂದು ಅವರಲ್ಲಿ ಹೇಳಿಕೆ. 1796ರ ಆ ಸಿನಗಾಗಿನ ಹೆಸರು 'ಶಾರ್ ಹಾರಹಮೀಂ', ಕರುಣೆಯ ಬಾಗಿಲು.

ಈ ವರ್ಷ ಅಪ್ಪನ ತಿಥಿಗೆ ಊರಿಗೆ ಹೋದೆ. ಎಲೆ ಹಾಕುವ ಮೊದಲು ಎಲ್ಲರನ್ನೂ ಪಡಸಾಲೆಯಲ್ಲಿ ಕೂರಲು ಹೇಳಿದೆ. ತಂಗಿ, ಭಾವ, ಚಿಕ್ಕಪ್ಪ, ಅಪ್ಪನ ಹತ್ತಿರ ಓದಿದ ಇಬ್ಬರು, ಮಕ್ಕಳು, ಪುರೋಹಿತರು. ಚೀಲದ ವಿಷಯ, ಬಾಳೆಹಣ್ಣಿನ ವಿಷಯ, ನಾನು ಅಂದ ಮಾತು, ಅವರು ಅಂದ ಮಾತು, ಇದ್ದದ್ದು ಇದ್ದ ಹಾಗೆ ಹೇಳಿದೆ. ತಪ್ಪಾಯ್ತು ಅನ್ನಲಿಲ್ಲ, ಮಾಡಿದೆ ಎಂದೆ. ಚಿಕ್ಕಪ್ಪ 'ಬಿಡು' ಎಂದು ಬಾಯಿ ತೆರೆದವರು ಅಷ್ಟಕ್ಕೇ ನಿಲ್ಲಿಸಿದರು. ಪಡಸಾಲೆಯಲ್ಲಿ ಹನ್ನೊಂದು ಜನ ಇದ್ದರು.